ನಮ್ಮೂರಿನ ಸಂತೋಷ, ಹತ್ತಕ್ಕೆ ಎಷ್ಟು?

ಸಂತೋಷವನ್ನು ಅಳೆಯುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ಹೆಂಡತಿಯ ಮುಂದೆ ನಾನು ಎದೆ ತಟ್ಟಿಕೊಂಡದ್ದು ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ. ಕೈಯಲ್ಲಿ ಟೋಸ್ಟು, ಟೋಸ್ಟಿನ ಮೇಲೆ ಬೆಣ್ಣೆ, ನಾಲಿಗೆಯ ಮೇಲೆ ಶನಿ! ಮೂವತ್ತೊಂದು ವರ್ಷ ಜಿಲ್ಲಾ ಕೌನ್ಸಿಲ್ಲಿನ ಅಂಕಿಅಂಶ ವಿಭಾಗದಲ್ಲಿ ಕುರ್ಚಿ ಸವೆಸಿದವನು ನಾನು, ನೆವಿಲ್ ಹೆಪ್‌ವರ್ತ್. ಜಿಲ್ಲೆಯ ಕಸದ ಡಬ್ಬಿಗಳನ್ನು ಎಣಿಸಿದ್ದೇನೆ. ರಸ್ತೆಯ ಗುಂಡಿಗಳನ್ನು ಆಳ ಅಗಲ ಸಮೇತ ಎಣಿಸಿದ್ದೇನೆ. ಪಾರ್ಕಿನ ಬಾತುಕೋಳಿಗಳನ್ನು ಎರಡೆರಡು ಸಲ ಎಣಿಸಿದ್ದೇನೆ, ಯಾಕೆಂದರೆ ಅವಕ್ಕೆ ಒಂದು ಕಡೆ ನಿಲ್ಲುವ ಅಭ್ಯಾಸವಿಲ್ಲ. ಇಷ್ಟೆಲ್ಲ ಎಣಿಸಿದವನಿಗೆ ನಲವತ್ತು ಮನೆಗಳ ಸಂತೋಷ ಯಾವ ಲೆಕ್ಕ?

ಈಗ ನೆನೆಸಿಕೊಂಡರೇ ಮೈಕೈ ನೋಯುತ್ತದೆ. ಆದರೂ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಹೊಸದಾಗಿ ನಿವೃತ್ತರಾಗಿದ್ದರೆ ಉಪಯೋಗಕ್ಕೆ ಬಂದೀತು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಗ್ಲೆನಿಸ್‌ಳ ಅಕ್ಕ ಡೋರೀನ್. ನಾವಿರುವುದು ಯಾರ್ಕ್‌ಷೈರಿನ ಗುಡ್ಡದ ಪಕ್ಕೆಗೆ ಅಂಟಿಕೊಂಡಿರುವ ಹ್ಯಾಗ್‌ಶಾ ಎಂಬ ಊರಿನಲ್ಲಿ. ಡೋರೀನ್ ಇರುವುದು ಸಮುದ್ರದ ದಂಡೆಯ ಸ್ಯಾಂಡ್‌ಹೋಮ್‌ನಲ್ಲಿ. ಸರ್ಕಾರದವರು ವರ್ಷ ವರ್ಷ ದೇಶದ ಜನರನ್ನು ಹಿಡಿದು ‘ನಿನ್ನೆ ನೀವು ಎಷ್ಟು ಸಂತೋಷವಾಗಿದ್ದಿರಿ? ಸೊನ್ನೆಯಿಂದ ಹತ್ತರೊಳಗೆ ಹೇಳಿ’ ಎಂದು ಕೇಳುತ್ತಾರೆ. ಆಮೇಲೆ ಯಾವ ಜಿಲ್ಲೆಯವರು ಎಷ್ಟು ಸಂತೋಷದಲ್ಲಿದ್ದಾರೆ ಎಂದು ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಡೋರೀನ್ ಆ ಪಟ್ಟಿಯನ್ನು ಪೇಪರಿನಿಂದ ಕತ್ತರಿಸಿ, ತನ್ನ ಜಿಲ್ಲೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ನಮ್ಮ ಜಿಲ್ಲೆಗೆ ಬರೀ ಒಂದು ಬಾಣದ ಗುರುತು ಹಾಕಿ ಅಂಚೆಯಲ್ಲಿ ಕಳಿಸಿದ್ದಳು. ಬಾಣ ಕೆಳಮುಖವಾಗಿತ್ತು.

"ನೋಡು, ಅವರಿಗೆ ಏಳು ಮುಕ್ಕಾಲು, ನಮಗೆ ಏಳು" ಎಂದು ಗ್ಲೆನಿಸ್ ಆ ಚೀಟಿಯನ್ನು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. "ನಾನು ಬೇಸಿಗೆಯಿಂದ ಹೇಳ್ತಾನೇ ಇದ್ದೀನಿ ನೆವಿಲ್. ಈ ಮನೆ ಮಾರಿ ಸ್ಯಾಂಡ್‌ಹೋಮ್‌ಗೆ ಹೋಗೋಣ. ಇಲ್ಲಿ ನನಗೆ ಉಸಿರು ಕಟ್ಟುತ್ತೆ."

"ಉಸಿರು ಕಟ್ಟೋಕೆ ಇಲ್ಲೇನಾಗಿದೆ? ಗುಡ್ಡದ ಮೇಲಿನ ಗಾಳಿ ಸೀದಾ ಅಡುಗೆಮನೆಗೆ ಬರುತ್ತೆ!"

"ಅದೊಂದಕ್ಕೇ ಬರೋಕೆ ದಾರಿ ಇರೋದು" ಎಂದಳು.

ಹ್ಯಾಗ್‌ಶಾ ಬಿಡುವುದೇ? ನಮ್ಮ ಬೌಲ್ಸ್ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಮುದುಕರು ಚೆಂಡು ಉರುಳಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವರ ಅಂಕಗಳನ್ನು ಬರೆಯುತ್ತಿರುವವನು ನಾನು. ಪಬ್ಬಿನಲ್ಲಿ ನಾನು ಕೂರುವ ಮೂಲೆಯ ಬೆಂಚಿನಲ್ಲಿ ನನ್ನ ಆಕಾರದ ಗುಳಿ ಬಿದ್ದಿದೆ. ಅರವತ್ತಾರನೇ ವಯಸ್ಸಿನಲ್ಲಿ ಇನ್ನೊಂದು ಊರಿನ ಬೆಂಚಿಗೆ ಗುಳಿ ಬೀಳಿಸುವ ಶಕ್ತಿ ನನಗೆಲ್ಲಿಂದ ಬರಬೇಕು? ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಅಳು ಬಂದ ಹಾಗಾಯಿತು. ಅಳುವ ಬದಲು ಜಂಬ ಕೊಚ್ಚಿದೆ. ಗಂಡಸರ ಹಣೆಬರಹ ಅದು.

"ಈ ಪಟ್ಟಿ ಸುಳ್ಳು! ಜಿಲ್ಲೆ ಅಂದ್ರೆ ಹ್ಯಾಗ್‌ಶಾ ಅಲ್ಲ. ಕೆಳಗಿನ ದೊಡ್ಡ ಪಟ್ಟಣದವರ ಗೋಳನ್ನೆಲ್ಲ ನಮ್ಮ ತಲೆಗೆ ಕಟ್ಟಿದ್ದಾರೆ. ಬೀದಿಗೆ ಬೀದಿ ಹೋಲಿಸ್ಬೇಕು. ನಮ್ಮ ಬೀದಿಯ ನಲವತ್ತು ಮನೆ, ಅಲ್ಲಿ ನಲವತ್ತು ಜನ. ನಾನೇ ಅಳೀತೀನಿ. ನಮ್ಮೂರು ಗೆದ್ರೆ ಈ ಮಾತು ಮತ್ತೆ ಎತ್ತಬಾರದು."

"ಅವರೂರು ಗೆದ್ರೆ?"

"ಗೆದ್ರೆ ಮನೆ ಮಾರಾಟಕ್ಕಿದೆ ಅಂತ ನಾನೇ ಬೋರ್ಡು ಬರೀತೀನಿ!"

ಗ್ಲೆನಿಸ್ ಕೈ ಚಾಚಿದಳು. ಬೆಣ್ಣೆಗೈಯಲ್ಲೇ ಕುಲುಕಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ನೋಡಿ.

ಮೊದಲ ಬಾಗಿಲು ಪಕ್ಕದ ಮನೆಯ ಟ್ರೆವರ್ ಕ್ರ್ಯಾಬ್‌ಟ್ರೀಯದು. ಪಾರಿವಾಳ ಸಾಕುವ ಮನುಷ್ಯ. ಕಾಳು ಹಾಕುವಾಗ ಮಾತ್ರ ಬಾಯಿ ತೆರೆಯುತ್ತಾನೆ, ಅದೂ ಪಾರಿವಾಳಗಳ ಜೊತೆ.

"ಟ್ರೆವರ್, ನಿನ್ನೆ ನೀನು ಎಷ್ಟು ಸಂತೋಷವಾಗಿದ್ದೆ?"

ಅವನು ಹಿಂದೆ ತಿರುಗಿ ನೋಡಿ ಬಾಗಿಲನ್ನು ಎಳೆದುಕೊಂಡ. "ಯಾಕೆ? ಯಾರೇನಂದ್ರು?"

"ಯಾರೂ ಏನೂ ಅಂದಿಲ್ಲ ಮಾರಾಯ. ಸರ್ವೆ. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳು."

ಟ್ರೆವರ್ ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದ. ಆಮೇಲೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ನನ್ನ ಬೂದಿ ಬಣ್ಣದ್ದು ನಿನ್ನೆ ವಾಪಸ್ ಬಂತು ಕಣೋ. ಮೂರು ವಾರ ಆಗಿತ್ತು. ಹದ್ದಿನ ಬಾಯಿಗೆ ಹೋಯ್ತು ಅಂದ್ಕೊಂಡಿದ್ದೆ. ಎಂಟು ಬರ್ಕೋ. ಯಾರಿಗೂ ಹೇಳ್ಬೇಡ."

ಎಂಟು! ನಾನು ಗಾಳಿಯಲ್ಲಿ ತೇಲಿದೆ. ಹಿತ್ತಿಲಿಗೆ ಹೋಗಿ ಬಟ್ಟೆ ಒಣಹಾಕುತ್ತಿದ್ದ ಅವನ ಹೆಂಡತಿ ಲಿಂಡಾಳನ್ನು ಕೇಳಿದೆ. ಅವಳು ಬಾಯಲ್ಲಿದ್ದ ಕ್ಲಿಪ್ ತೆಗೆಯದೆಯೇ "ಐದು" ಎಂದಳು. ಇರಲಿ, ಐದೂ ಒಂದು ಅಂಕವೇ ಎಂದು ಬರೆದುಕೊಂಡೆ.

ಅಲ್ಲಿಂದ ಮುಂದೆ ಇಳಿಜಾರೇ. ಎರಡನೇ ಮನೆ ಐದು, ಮೂರನೇ ಮನೆ ಆರು, ನಾಲ್ಕನೇ ಮನೆಯವನು "ಏನೋ ಇದೀನಿ, ಐದು" ಎಂದು ಬಾಗಿಲು ಹಾಕಿಕೊಂಡ. ನಾನು ಮರೆತಿದ್ದ ವಿಷಯ ಒಂದಿತ್ತು. ನಮ್ಮ ಕಡೆ ಸಂತೋಷವನ್ನು ಒಪ್ಪಿಕೊಳ್ಳುವುದು ಕಳ್ಳತನ ಒಪ್ಪಿಕೊಂಡ ಹಾಗೆ. ಮಗಳ ಮದುವೆಯಾದವನು ‘ಪರವಾಗಿಲ್ಲ’ ಎನ್ನುತ್ತಾನೆ. ಲಾಟರಿ ಹೊಡೆದವನು ‘ನಡೀತಿದೆ’ ಎನ್ನುತ್ತಾನೆ. ಗಂಟಲಿನ ಗೆಡ್ಡೆ ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ ದಿನ ನಮ್ಮ ಕಟುಕ ಇಡೀ ಅಂಗಡಿಗೆ ಕೇಳುವ ಹಾಗೆ ‘ಇನ್ನೂ ಕೆಟ್ಟದ್ದಾಗ್ಬೋದಿತ್ತು’ ಎಂದಿದ್ದ, ಅಷ್ಟೇ. ಸರ್ಕಾರದ ಕಡೆಯ ಅಪರಿಚಿತ ಹೆಂಗಸು ಕೇಳಿದಾಗ ಏಳು ಹೇಳಿದ ಜನವೇ ನನ್ನ ಮುಂದೆ ಐದಕ್ಕೆ ಇಳಿದಿದ್ದರು. ಅವಳು ನಾಳೆ ಊರು ಬಿಟ್ಟು ಹೋಗುತ್ತಾಳೆ, ನಾನು ಪಬ್ಬಿನಲ್ಲಿ ಎದುರು ಕೂರುತ್ತೇನೆ. ಎದುರು ಕೂರುವವನಿಗೆ ಯಾರಾದರೂ ತಾನು ಸುಖವಾಗಿದ್ದೇನೆ ಎಂದು ಬಾಯಿ ಬಿಡುತ್ತಾರೆಯೇ?

ಕೊನೆಯ ಮನೆ ಎಡಿತ್ ಮರ್ಗಟ್ರಾಯ್ಡ್ ಅಜ್ಜಿಯದು. ಎಂಬತ್ತನಾಲ್ಕು ವರ್ಷ. ಬೀದಿಯಲ್ಲೆಲ್ಲ ಜೋರಾಗಿ ನಗುವವಳು ಅವಳೊಬ್ಬಳೇ, ಹಾಗಾಗಿ ಅವಳ ಮೇಲೆ ನನಗೆ ಭಾರಿ ಭರವಸೆ.

"ಮೂರು!" ಎಂದಳು ನಗುತ್ತಲೇ.

"ಮೂರಾ? ಅಜ್ಜಿ, ಸ್ವಲ್ಪ ಯೋಚ್ನೆ ಮಾಡಿ."

"ಯೋಚ್ನೆ ಏನು ಬಂತು? ನಿನ್ನೇದು ತಾನೇ ಕೇಳಿದ್ದು ನೀನು? ನಿನ್ನೆ ಬಿಂಗೋ ಆಟದಲ್ಲಿ ಒಂದೇ ಒಂದು ನಂಬರ್ ಬಾಕಿ ಇತ್ತು ನನಗೆ. ಅಷ್ಟರಲ್ಲಿ ಆ ಕೀಲುಗೊಂಬೆ ಮುಖದವಳು ಕಿರುಚಿಕೊಂಡು ಎದ್ದಳು. ಮೂರೂ ಜಾಸ್ತಿ ಆಯ್ತು, ಬರ್ಕೋ."

ಬರೆದುಕೊಂಡೆ. ಕಾರಣ ಬರೆದುಕೊಳ್ಳಲು ಕಾಲಂ ಇರಲಿಲ್ಲ.

ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿದು ಮಂಡಿಚಿಪ್ಪು ಕಳಚಿಕೊಂಡ ಮೇಲೆ ಸರಾಸರಿ ಬಂತು, ಐದು ಪಾಯಿಂಟ್ ಏಳು. ಶುಕ್ರವಾರ ಸಂಜೆ ಅಂಕ ಬರೆದ ಪ್ಯಾಡ್ ಕಂಕುಳಲ್ಲೇ ಇಟ್ಟುಕೊಂಡು ಮೀನು ಮತ್ತು ಚಿಪ್ಸ್ ತರಲು ಇಮ್ತಿಯಾಜ್‌ನ ಅಂಗಡಿಗೆ ಹೋದೆ. ಶುಕ್ರವಾರ ಮೀನು ತಿನ್ನದಿದ್ದರೆ ಹ್ಯಾಗ್‌ಶಾದಲ್ಲಿ ಮರುದಿನ ಸೂರ್ಯ ಹುಟ್ಟುವುದಿಲ್ಲ, ಹಾಗಾಗಿ ಇಡೀ ಬೀದಿ ಅಲ್ಲಿ ಸಾಲು ನಿಲ್ಲುತ್ತದೆ. ಬಿಸಿ ಪೊಟ್ಟಣ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ತಿಂದೆ. ಮಲಗಿದೆ. ಸುಖವಾದ ನಿದ್ದೆ!

ಬೆಳಿಗ್ಗೆ ಎದ್ದಾಗ ಸರ್ವೆಯ ಪ್ಯಾಡ್ ಕಾಣಲಿಲ್ಲ.

ಚಪ್ಪಲಿಯಲ್ಲೇ ಓಡಿದೆ. ಇಮ್ತಿಯಾಜ್ ಅಂಗಡಿ ಗುಡಿಸುತ್ತಿದ್ದ. ಪ್ಯಾಡ್ ಗಲ್ಲಾದ ಮೇಲೆ, ವಿನೆಗರ್ ಬಾಟಲಿಯ ಪಕ್ಕದಲ್ಲಿ, ನಲವತ್ತು ಹೆಸರು ನಲವತ್ತು ಅಂಕ ಮೇಲೆ ಮಾಡಿಕೊಂಡು ಅಂಗಾತ ಮಲಗಿತ್ತು. ಕಾಗದದ ಮೇಲೆ ಎಣ್ಣೆಯ ಬೆರಳಚ್ಚುಗಳು. ಎಣಿಸುವ ಚಟದವನಲ್ಲವೇ, ಎಣಿಸಿದೆ. ಹದಿನೇಳು ಬೇರೆ ಬೇರೆ ಹೆಬ್ಬೆರಳುಗಳು.

"ಯಾರಿಗಾದ್ರೂ ತೋರಿಸಿದ್ಯೇನಪ್ಪಾ ಇಮ್ತಿಯಾಜ್?"

"ಛೆ ಛೆ, ನೆವಿಲ್ ಅಂಕಲ್, ನಾನು ಅಂಥವನಾ? ಬೀದೀಲಿ ಹೋಗೋರಿಗೆಲ್ಲ ತೋರಿಸಿಲ್ಲ. ಸಾಲಲ್ಲಿ ನಿಂತಿದ್ದವರು ಮಾತ್ರ ನೋಡಿದ್ದು." ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದ. "ಅಂದ್ಹಾಗೆ ನನಗೆ ಬರೀ ಆರು ಹಾಕಿದೀರಲ್ಲ? ನಾನು ಆರೂವರೆ ಅಂದಿದ್ದೆ."

ಮನೆಗೆ ಬರುವಷ್ಟರಲ್ಲಿ ಲಿಂಡಾ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ಗ್ಲೆನಿಸ್ ಅವಳಿಗೆ ಟೀ ಕೊಟ್ಟಿದ್ದಳು. ಲಿಂಡಾ ಟೀ ಕುಡಿಯುತ್ತಿರಲಿಲ್ಲ, ಚಮಚದಿಂದ ಹೊಡೆಯುತ್ತಿದ್ದಳು.

"ಎಂಟು!" ಎಂದಳು ನನ್ನನ್ನು ಕಂಡೊಡನೆ. "ಒಂದೇ ಮನೆ, ಒಂದೇ ಹಾಸಿಗೆ, ಒಂದೇ ಟೀಪಾಟು. ನನಗೆ ಐದು, ಅವನಿಗೆ ಎಂಟು! ಆ ಮೂರು ಅಂಕ ಎಲ್ಲಿಂದ ಬಂತು ಅಂತ ಕೇಳ್ದೆ. ಏನಂದ ಗೊತ್ತಾ? ಪಾರಿವಾಳ!"

"ಮೂರು ವಾರ ಆಗಿತ್ತಂತೆ ಲಿಂಡಾ…"

"ನಾನೂ ಮೂರು ವಾರ ಆಸ್ಪತ್ರೇಲಿದ್ದೆ, ಹೋದ ವರ್ಷ. ವಾಪಸ್ ಬಂದ ದಿನ ನನ್ನ ಮುಖ ನೋಡಿ ‘ಬಂದ್ಯಾ, ಸರಿ, ಬಾಗಿಲು ಹಾಕು, ಚಳಿ ಬರುತ್ತೆ’ ಅಂದ! ಆವತ್ತು ಅವನಿಗೆ ಎಷ್ಟಿತ್ತು ಅಂತ ಕೇಳಿ ಬರ್ಕೊಂಡು ಬಾ ನೆವಿಲ್. ಕೇಳು. ನಿನಗೆ ಪುಣ್ಯ ಬರುತ್ತೆ."

ನನಗೆ ಪುಣ್ಯ ಬೇಕಾಗಿರಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಗೆ ಹೋದರೆ ಅಲ್ಲಿ ಬೇಲಿಯ ಮೇಲೆ ಟ್ರೆವರ್‌ನ ಮುಖ.

"ನೆವಿಲ್, ನನ್ನ ಎಂಟು ವಾಪಸ್ ತಗೋ."

"ಹಾಗೆಲ್ಲ ತಗೊಳ್ಳೋಕಾಗಲ್ಲ ಟ್ರೆವರ್, ನಿಯಮ ಇದೆ."

"ನಿಯಮ ಸುಡ್ಲಿ! ರಾತ್ರಿ ಪಬ್ಬಿಗೆ ಹೋದ್ರೆ ಎಲ್ಲ ಎದ್ದು ನಿಂತು ಟೋಪಿ ತೆಗೆದ್ರು ಕಣೋ. ‘ಎಂಟು ಸಾಹೇಬ್ರು ಬಂದ್ರು, ದಾರಿ ಬಿಡಿ, ಕುರ್ಚಿ ಒರೆಸಿ’ ಅಂತ. ಮೂವತ್ತು ವರ್ಷದಿಂದ ಕಟ್ಕೊಂಡ ಮರ್ಯಾದೆ ಒಂದು ಅಂಕದಲ್ಲಿ ಕಳ್ಕೊಂಡೆ. ನಾಲ್ಕೂವರೆ ಬರ್ಕೋ."

"ಅರ್ಧ ಇಲ್ಲ."

"ಹಾಗಾದ್ರೆ ನಾಲ್ಕು. ಅವಳಿಗಿಂತ ಒಂದು ಕಮ್ಮಿ ಇರ್ಲಿ. ನಾನು ಮನೆ ಒಳಗೆ ಹೋಗ್ಬೇಕು."

ಅವನ ಕಣ್ಣು ಕೆಂಪಾಗಿತ್ತು. ಪಾರಿವಾಳದ ಗೂಡಿನಲ್ಲೇ ಮಲಗಿದ್ದನಂತೆ, ಕೋಟಿಗೆ ಪುಕ್ಕ ಅಂಟಿಕೊಂಡಿತ್ತು. ನಲವತ್ತರಲ್ಲಿ ಒಬ್ಬನೇ ಒಬ್ಬ ಬಾಯಿಬಿಟ್ಟು ಸಂತೋಷ ಹೇಳಿಕೊಂಡಿದ್ದ, ಅವನ ಗತಿ ಹೀಗೆ. ನಾನು ಎಂಟನ್ನು ಹೊಡೆದು ನಾಲ್ಕು ಬರೆದೆ.

ಅಷ್ಟಕ್ಕೇ ಮುಗಿಯಿತೇ? ಭಾನುವಾರ ಮಧ್ಯಾಹ್ನ ಎಡಿತ್ ಅಜ್ಜಿ ಕಾಯಿಪಲ್ಲೆ ತರುವ ಗಾಲಿ ಚೀಲ ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಚೀಲ ತೆರೆದು ಒಂದೊಂದಾಗಿ ನಮ್ಮ ಮೇಜಿನ ಮೇಲೆ ಇಟ್ಟಳು. ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಆಲೂಗಡ್ಡೆ ಮಾಂಸದ ಪೈ. ಸೇಬಿನ ಪೈ. ಮತ್ತೆ ಆಲೂಗಡ್ಡೆ ಮಾಂಸದ ಪೈ. ಒಟ್ಟು ಹನ್ನೊಂದು!

"ಇದೇನು ಅಜ್ಜಿ?"

"ನನ್ನ ಕೇಳ್ತೀಯಾ? ನೀನು ಹಾಕಿದ ಮೂರರ ಪ್ರಸಾದ ಇದು! ‘ಪಾಪ, ಎಡಿತ್‌ಗೆ ಬರೀ ಮೂರಂತೆ, ಹೊರಗೆ ನಗ್ತಾಳೆ ಒಳಗೆ ಕೊರಗ್ತಾಳೆ’ ಅಂತ ಬೀದಿಯೋರೆಲ್ಲ ಪೈ ತಂದು ಬಾಗಿಲಲ್ಲಿ ಇಟ್ಟು ಹೋಗ್ತಿದ್ದಾರೆ. ಪಾದ್ರಿ ಎರಡು ಗಂಟೆ ನನ್ನ ಕೈ ಹಿಡ್ಕೊಂಡು ಕೂತಿದ್ರು. ಬಿಡಿಸ್ಕೊಳ್ಳೋಕೆ ಹೋದ್ರೆ ಇನ್ನೂ ಗಟ್ಟಿ ಹಿಡೀತಾರೆ! ನಿನ್ನೆ ಬಿಂಗೋಗೆ ಹೋಗೋಕಾಗ್ಲಿಲ್ಲ. ಇವತ್ತು ಕೇಳು ನನ್ನ, ಎಷ್ಟು ಸಂತೋಷ ಅಂತ. ಕೇಳೋ!"

ನಾನು ಕೇಳಲಿಲ್ಲ. ಅವಳೇ ಹೇಳಿದಳು. "ಸೊನ್ನೆ!"

ಗ್ಲೆನಿಸ್ ಫ್ರಿಜ್ಜಿನ ಬಾಗಿಲು ತೆರೆದು ನೋಡಿದಳು. ಎರಡು ಪೈಗೆ ಜಾಗವಿತ್ತು. ಉಳಿದ ಒಂಬತ್ತು ಕಪಾಟಿನ ಮೇಲೆ, ಕಿಟಕಿಯಲ್ಲಿ, ಒಂದು ಮೆಟ್ಟಿಲಿನ ಮೇಲೆ ಕೂತವು. ಆ ವಾರ ನಾವು ಬೆಳಿಗ್ಗೆ ಪೈ ತಿಂದೆವು, ಮಧ್ಯಾಹ್ನ ಪೈ ತಿಂದೆವು, ಸಂಜೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೈ ತಿಂದೆವು. ಪ್ರತಿ ತುತ್ತಿನ ನಡುವೆ ಬಾಗಿಲು ಬಡಿಯುತ್ತಿತ್ತು. ಏಳು ಹೇಳಿದವರು ಐದಕ್ಕೆ ಇಳಿಸಲು ಬಂದರು. ಆರು ಹೇಳಿದವನು, ಎದುರು ಮನೆಯವನೂ ಆರು ಎಂದು ಗೊತ್ತಾಗಿ, ಅವನಿಗೂ ತನಗೂ ಒಂದೇ ಅಂಕ ಹೇಗೆ ಎಂದು ಜಗಳಕ್ಕೆ ಬಂದ. ನಾಲ್ಕು ಹೇಳಿದ ಒಬ್ಬಾಕೆ ‘ನನಗೆ ಯಾಕೆ ಪೈ ಬರ್ಲಿಲ್ಲ?’ ಎಂದು ಅತ್ತಳು. ಅವಳಿಗೆ ಎರಡು ಕೊಟ್ಟು ಕಳಿಸಿದೆವು.

"ಹೋದ ತಿಂಗಳು ಈ ಬೀದಿ ಚೆನ್ನಾಗೇ ಇತ್ತು" ಎಂದಳು ಗ್ಲೆನಿಸ್ ಗುರುವಾರ, ಆರನೇ ಪೈ ಕತ್ತರಿಸುತ್ತಾ. "ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ."

ನಾನು ಹೊಸ ಸರಾಸರಿ ತೆಗೆದಿದ್ದೆ. ಐದು ಪಾಯಿಂಟ್ ಒಂದು. ಅವಳಿಗೆ ಹೇಳಲಿಲ್ಲ. ಇನ್ನೂ ಸ್ಯಾಂಡ್‌ಹೋಮ್ ಬಾಕಿ ಇತ್ತಲ್ಲ! ಅಲ್ಲಿಯವರ ಬದುಕು ಇನ್ನೂ ಹಾಳಾಗಿರಲಿ ದೇವರೇ ಎಂದು ಪ್ರಾರ್ಥಿಸಿದೆ. ನಾನು ನಾಸ್ತಿಕ, ಆದರೂ ಪ್ರಾರ್ಥಿಸಿದೆ.

ಶನಿವಾರ ಬೆಳಿಗ್ಗೆ ಆರೂ ನಲವತ್ತರ ಬಸ್ಸು, ಅಲ್ಲಿಂದ ರೈಲು, ಮತ್ತೊಂದು ರೈಲು. ಸ್ಯಾಂಡ್‌ಹೋಮ್‌ನ ಕಡಲದಂಡೆಯಲ್ಲಿ ಗಾಳಿ ಎಂದರೆ ಗಾಳಿ, ನನ್ನ ಟೋಪಿ ಎರಡು ಸಲ ನಾರ್ವೆಯ ಕಡೆ ಹೊರಟಿತ್ತು. ಅಂಥ ಚಳಿಯಲ್ಲಿ ಚಡ್ಡಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದ ಒಬ್ಬ ಮುದುಕನನ್ನು ಮೊದಲು ಹಿಡಿದೆ. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

"ಒಂಬತ್ತು!" ಎಂದು ಕೂಗಿದ. "ಅಲ್ಲ, ತಡೀರಿ, ನಿನ್ನೆ ಬಿಸಿಲು ಬಂದಿತ್ತು. ಹತ್ತೇ ಹಾಕಿ!"

ಅವನ ಪಕ್ಕದಲ್ಲಿದ್ದ ಹೆಂಗಸು, "ಅವರಿಗೆ ಹತ್ತು ಅಂದ್ರೆ ನನಗೂ ಹತ್ತು" ಎಂದಳು. ನಾಯಿ ಹಿಡಿದವರು ಒಂಬತ್ತು, ಕೋಲು ಹಿಡಿದವರು ಎಂಟು, ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಬಂದ ಒಬ್ಬರು ಒಂಬತ್ತು! ಎಲ್ಲೆಲ್ಲಿಂದಲೋ ಮನೆ ಮಾರಿಕೊಂಡು ಬಂದ ಜನ. ಮನೆ ಮಾರಿ ಬಂದ ಮೇಲೆ ಸಂತೋಷವಾಗಿಲ್ಲ ಎಂದರೆ ಅಷ್ಟು ದೂರ ಸಾಮಾನು ಹೊತ್ತದ್ದು ದಂಡವಲ್ಲವೇ? ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗುತ್ತಿದ್ದರು, ಹರಾಜಿನಲ್ಲಿ ಕೂಗಿದ ಹಾಗೆ.

ಡೋರೀನ್ ಮನೆಯಲ್ಲಿ ಸೌತೆಕಾಯಿಯ ತೆಳ್ಳನೆ ಸ್ಯಾಂಡ್‌ವಿಚ್ ಕೊಟ್ಟಳು. ಅದರ ಮೂಲಕ ಕಿಟಕಿ ಕಾಣುತ್ತಿತ್ತು.

"ನಿನಗೆಷ್ಟು ಡೋರೀನ್?"

"ಹತ್ತಕ್ಕಿಂತ ಮುಂದೆ ಇಲ್ವಾ ನೆವಿಲ್? ಇಲ್ಲಾಂದ್ರೆ ಹತ್ತರಲ್ಲೇ ಅಡ್ಜಸ್ಟ್ ಮಾಡ್ಕೋತೀನಿ. ಮೇಲಿನ ಬೀದೀಲಿ ಒಂದು ಮನೆ ಖಾಲಿ ಇದೆ. ಗ್ಲೆನಿಸ್‌ಗೆ ಫೋಟೋ ಕಳಿಸಿದೀನಿ."

ವಾಪಸ್ ರೈಲಿನಲ್ಲಿ ಲೆಕ್ಕ ಮಾಡಿದೆ. ಸ್ಯಾಂಡ್‌ಹೋಮ್ ಎಂಟು ಪಾಯಿಂಟ್ ಆರು. ಹ್ಯಾಗ್‌ಶಾ ಐದು ಪಾಯಿಂಟ್ ಒಂದು. ನಮ್ಮವರ ಐದು ಅಂದರೆ ಬೇರೆಯವರ ಒಂಬತ್ತು ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಪ್ರತಿಯೊಂದಕ್ಕೂ ನಾಲ್ಕು ಸೇರಿಸಿ ‘ಸ್ಥಳೀಯ ತಿದ್ದುಪಡಿ’ ಎಂದು ಕೆಳಗೆ ಒಂದು ಗೆರೆ ಎಳೆದರೆ ಮುಗಿಯಿತು. ಗ್ಲೆನಿಸ್ ಪರೀಕ್ಷಿಸುವವಳಲ್ಲ. ಬೆಂಚು ಉಳಿಯುತ್ತದೆ, ಕ್ಲಬ್ಬು ಉಳಿಯುತ್ತದೆ. ಪೆನ್ಸಿಲ್ ಕಾಗದದ ಮೇಲೆ ಇಟ್ಟೆ ಕೂಡ. ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ಬಾತುಕೋಳಿಯನ್ನೂ ಸುಳ್ಳು ಎಣಿಸಿದವನಲ್ಲ ನಾನು. ಹೆಂಡತಿಯ ಹತ್ತಿರ ಶುರು ಮಾಡುವುದು ಹೇಗೆ? ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಕತ್ತಲಾಗುತ್ತಿದ್ದ ಗುಡ್ಡಗಳನ್ನು ನೋಡುತ್ತಾ ಬಂದೆ. ಒಂದೊಂದು ಸ್ಟೇಷನ್ನಿಗೂ ಒಂದೊಂದು ನಿಟ್ಟುಸಿರು.

ಮನೆ ತಲುಪಿದಾಗ ಗ್ಲೆನಿಸ್ ಮಲಗಿದ್ದಳು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಹುರಿದ ದನದ ಮಾಂಸ, ಸಿಹಿಯಿಲ್ಲದ ಉಬ್ಬಿದ ಹಿಟ್ಟಿನ ಪುಡ್ಡಿಂಗ್, ಮೇಲೆ ಬಿಸಿ ಗ್ರೇವಿ. ಮನೆಯಲ್ಲಿ ಪೈ ಅಲ್ಲದ ಊಟ ಕಂಡು ವಾರವಾಗಿತ್ತು.

"ಸೋತೆ ಗ್ಲೆನಿಸ್. ಅವರು ಎಂಟು ಪಾಯಿಂಟ್ ಆರು, ನಾವು ಐದು ಪಾಯಿಂಟ್ ಒಂದು. ನಾಳೆ ಬೋರ್ಡು ಬರೀತೀನಿ. ಕೊಟ್ಟ ಮಾತು ಕೊಟ್ಟಿದ್ದೇ."

ಅವಳು ಗೆದ್ದವಳ ಹಾಗೆ ಕಾಣಲಿಲ್ಲ. ಫೋರ್ಕಿನಿಂದ ಬಟಾಣಿ ಉರುಳಿಸುತ್ತಿದ್ದಳು. "ನಲವತ್ತು ಮನೆ ಕೇಳ್ದೆ. ನನ್ನ ಕೇಳ್ಲಿಲ್ಲ."

"ಅಳೆಯೋನ ಮನೆ ಲೆಕ್ಕಕ್ಕೆ ಬರಲ್ಲ, ಅದು ನಿಯಮ…"

"ಕೇಳು ನೆವಿಲ್."

ಕೇಳಿದೆ. "ನಿನ್ನೆ ನೀನು ಎಷ್ಟು ಸಂತೋಷವಾಗಿದ್ದೆ, ಗ್ಲೆನಿಸ್?"

"ಹತ್ತು."

ನನ್ನ ಕೈಯ ಫೋರ್ಕ್ ಗ್ರೇವಿಗೆ ಬಿತ್ತು. ಹತ್ತು! ಹ್ಯಾಗ್‌ಶಾದ ಇತಿಹಾಸದಲ್ಲಿ, ಈ ಬೀದಿಗೆ ಕಲ್ಲು ಹಾಸಿದಾಗಿನಿಂದ, ಯಾರ ಬಾಯಲ್ಲೂ ಬಾರದ ಅಂಕ!

"ಇಲ್ಲಿ? ಹ್ಯಾಗ್‌ಶಾದಲ್ಲಿ?"

"ಇದೇ ಅಡುಗೆಮನೇಲಿ. ಇದೇ ಕುರ್ಚೀಲಿ."

"ಮತ್ತೆ ಉಸಿರು ಕಟ್ಟುತ್ತೆ ಅಂದಿದ್ದೆ?"

"ನಿನ್ನೆ ಕಟ್ಲಿಲ್ಲ. ಬೆಳಿಗ್ಗೆ ಟೀ ಮಾಡ್ಕೊಂಡೆ, ಬಿಸಿ ಇರುವಾಗ್ಲೇ ಕುಡಿದೆ. ರೇಡಿಯೋ ನನಗೆ ಬೇಕಾದಷ್ಟು ಜೋರಾಗಿ ಹಾಕ್ದೆ. ಸೋಫಾ ಮೇಲೆ ಕಾಲು ಚಾಚ್ಕೊಂಡು ಪೇಪರ್ ಓದಿದೆ, ಕೊನೆ ಪುಟದಿಂದ. ಲಿಂಡಾ ಬಂದ್ಲು, ಇಬ್ರೂ ಟ್ರೆವರ್‌ನ ಬೈದ್ವಿ. ಆಮೇಲೆ ನಕ್ವಿ. ಮಧ್ಯಾಹ್ನ ಒಂದು ಗಂಟೆ ಸುಮ್ನೆ ಕೂತಿದ್ದೆ. ಏನೂ ಮಾಡದೆ."

"ಹಾಗಾದ್ರೆ ಮೊನ್ನೆ? ಮೊನ್ನೆ ಎಷ್ಟು?"

"ನಾಲ್ಕು."

"ಅದಕ್ಕೆ ಹಿಂದಿನ ದಿನ?"

"ನಾಲ್ಕು. ಏಪ್ರಿಲ್‌ನಿಂದ ನಾಲ್ಕೇ."

ನನ್ನೊಳಗಿನ ಅಂಕಿಅಂಶ ಅಧಿಕಾರಿ ಎದ್ದು ಕೂತ. ಅದೇ ಊರು, ಅದೇ ಬೀದಿ, ಅದೇ ಗಾಳಿ. ಒಂದು ದಿನದಲ್ಲಿ ನಾಲ್ಕರಿಂದ ಹತ್ತಕ್ಕೆ ಜಿಗಿಯುವಂಥದ್ದು ಏನಾಯಿತು? "ಇದು ಬಹಳ ಮುಖ್ಯ ಗ್ಲೆನಿಸ್! ಮೊನ್ನೆಗೂ ನಿನ್ನೆಗೂ ವ್ಯತ್ಯಾಸ ಏನು? ಹವೆ ಬದಲಾಯ್ತಾ? ಏನಾದ್ರೂ ಹೊಸದಾಗಿ ಬಂತಾ ಮನೆಗೆ?"

"ಬರ್ಲಿಲ್ಲ" ಎಂದಳು. "ಹೋಯ್ತು. ಬೆಳಿಗ್ಗೆ ಆರೂ ನಲವತ್ತರ ಬಸ್ಸಿಗೆ."

ಏಪ್ರಿಲ್‌ನಲ್ಲಿ ಏನಾಗಿತ್ತು ಎಂದು ಯೋಚಿಸಬೇಕಾಗಿರಲಿಲ್ಲ. ಏಪ್ರಿಲ್ ಒಂದನೇ ತಾರೀಕು ಕೌನ್ಸಿಲ್ಲಿನವರು ನನಗೊಂದು ಕೈಗಡಿಯಾರ ಕೊಟ್ಟು, ಕೈ ಕುಲುಕಿ, ಮನೆಗೆ ಕಳಿಸಿದ್ದರು. ಅಂದಿನಿಂದ ನಾನು ಮನೆಯಲ್ಲೇ ಇದ್ದೆ. ಅವಳ ಮೊಟ್ಟೆ ಬೇಯುವಾಗ ನಿಮಿಷ ಎಣಿಸುತ್ತಾ, ಡಬ್ಬಿಗಳಿಗೆ ಹೆಸರು ಅಂಟಿಸುತ್ತಾ, ‘ದಿನಕ್ಕೆ ಏಳು ಸಲ ಫ್ರಿಜ್ ತೆಗೀತೀಯ’ ಎಂದು ವರದಿ ಒಪ್ಪಿಸುತ್ತಾ. ಎರಡು ಊರು ಹೋಲಿಸಲು ನಾನು ಇಂಗ್ಲೆಂಡಿನ ಅರ್ಧ ಅಗಲ ರೈಲಿನಲ್ಲಿ ಹೋಗಿ ಬಂದೆ. ಅಳೆಯಬೇಕಾದ ವಸ್ತು ಚೌಕಳಿ ಟೋಪಿ ಹಾಕಿಕೊಂಡು ಅದೇ ರೈಲಿನ ಕಿಟಕಿ ಪಕ್ಕ ಕೂತಿತ್ತು!

ನನ್ನ ಮುಖ ನೋಡಿ ಗ್ಲೆನಿಸ್‌ಗೆ ಪಾಪ ಎನಿಸಿರಬೇಕು. ಕೈ ಮೇಲೆ ಕೈ ಇಟ್ಟಳು. "ನೀನು ಕೆಟ್ಟವನಲ್ಲ ಕಣೋ. ಜಾಸ್ತಿ ಇದ್ದೀಯ, ಅಷ್ಟೇ."

"ಮತ್ತೆ ಸ್ಯಾಂಡ್‌ಹೋಮ್‌ಗೆ ಹೋಗೋಣ ಅಂದಿದ್ದು ಯಾಕೆ? ಅಲ್ಲಿಗೂ ನಾನೇ ತಾನೇ ಬರೋದು?"

"ಸಮುದ್ರ ದೊಡ್ಡದಲ್ವಾ ನೆವಿಲ್. ಅಲೆ ಎಣಿಸ್ಕೊಂಡು ದಿನವಿಡೀ ಹೊರಗಿರ್ತೀಯ ಅಂದ್ಕೊಂಡಿದ್ದೆ."

ಹೀಗೆ ನಮ್ಮ ಮನೆ ಉಳಿಯಿತು, ಊರೂ ಉಳಿಯಿತು. ಬೋರ್ಡು ಬರೆಯಲಿಲ್ಲ. ಬದಲಿಗೆ ಹಿರಿಯರಿಗೆ ಕೊಡುವ ಪುಕ್ಕಟೆ ಬಸ್ ಪಾಸನ್ನು ಗ್ಲೆನಿಸ್ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ದೇಶದಲ್ಲಿ ಇನ್ನೂ ಮುನ್ನೂರರ ಹತ್ತಿರ ಜಿಲ್ಲೆಗಳಿವೆಯಂತೆ, ಎಲ್ಲ ಕಡೆ ಜನರ ಸಂತೋಷ ಅಳೆದು ಬಾ ಎಂದಳು. ಪಾಸು ನಡೆಯುವುದು ಬೆಳಿಗ್ಗೆ ಒಂಬತ್ತೂವರೆಯಿಂದ. ಒಂಬತ್ತು ಇಪ್ಪತ್ತೈದಕ್ಕೆ ಟೀ ಫ್ಲಾಸ್ಕು ಕೈಗಿಟ್ಟು ಬಾಗಿಲು ತೆರೆಯುತ್ತಾಳೆ. ಸಂಜೆ ಐದರವರೆಗೆ ನಾನು ಕಂಡ ಕಂಡ ಬಸ್ ನಿಲ್ದಾಣಗಳಲ್ಲಿ ಕೂತು, ಗುರುತಿಲ್ಲದವರ ಸಂತೋಷ ಬರೆದುಕೊಂಡು, ಬೆನ್ನು ನೋಯಿಸಿಕೊಂಡು ಮರಳುತ್ತೇನೆ. ಅವಳು ನನ್ನನ್ನು ಕಂಡು ನಗುತ್ತಾಳೆ. ಏಪ್ರಿಲ್‌ನಿಂದ ಕಾಣದ ನಗು ಅದು. ಅದಕ್ಕಾಗಿ ಬೆನ್ನು ನೋಯಲಿ ಬಿಡಿ.

ಹೋದ ಶನಿವಾರ ಅವಳ ವಾರದ ಲೆಕ್ಕ ತೆಗೆದೆ. ಸೋಮವಾರದಿಂದ ಶನಿವಾರದವರೆಗೆ ಎಲ್ಲ ಒಂಬತ್ತು, ಹತ್ತು! ಆದರೆ ನಾನು ಮನೆಯಲ್ಲಿದ್ದ ಹಿಂದಿನ ಭಾನುವಾರ ಬಂದು ಸೇರಿದೊಡನೆ ಸರಾಸರಿ ದಬಕ್ಕನೆ ಬಿತ್ತು.

"ಭಾನುವಾರ ಒಂದು ಬಿಟ್ರೆ ನೀನು ಇಡೀ ದೇಶಕ್ಕೇ ಮೊದಲು ಗ್ಲೆನಿಸ್!" ಎಂದೆ, ನಗಿಸೋಣ ಎಂದು.

ಅವಳು ನಗಲಿಲ್ಲ. ಫ್ಲಾಸ್ಕು ತೊಳೆಯುತ್ತಾ ಹೇಳಿದಳು.

"ಭಾನುವಾರಾನೂ ಬಸ್ ಇದೆ ಕಣೋ. ವಿಚಾರಿಸಿದೀನಿ."